ಆನ್‌ಲೈನ್ ಆಟಕ್ಕೆ ಇಳಿಯುವ ಮುನ್ನ ಮಳೆ, ಕರೆಂಟು, ಕೊಯ್ಲು ನೋಡಿಕೊಳ್ಳಿ

ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ನಮ್ಮ ಮಲೆನಾಡಿನ ಹೊಂಗಡಹಳ್ಳದಲ್ಲಿ ಸಂಜೆಗಳು ಉದ್ದ. ಹೊರಗೆ ಬಿಡದ ಮಳೆ, ರಸ್ತೆಯಲ್ಲಿ ಆನೆ ಭಯ. ಕತ್ತಲಾದ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡುವವರು, ಹಾಸನದ ಕಾಲೇಜಿನಿಂದ ರಜೆಗೆ ಬಂದವರು, ತೋಟ ನೋಡಿಕೊಂಡಿರುವ ಹುಡುಗರು, ಇವರಲ್ಲಿ ಯಾರಿಗಾದರೂ ಗೆಳೆಯನಿಂದ ಫೋನ್ ಬಂದೇ ಬರುತ್ತದೆ: ‘ಲೋ, ಈ ಗೇಮ್ ಹಾಕ್ಕೊಳ್ಳೋ, ಎಲ್ಲ ಒಟ್ಟಿಗೆ ಆಡೋಣ.’

ಹಾಕಿಕೊಳ್ಳಬೇಕೇ, ಬೇಡವೇ? ಕರೆದವನು ಗ್ರಾಫಿಕ್ಸ್ ಎಷ್ಟು ಚಂದ, ಕಥೆ ಎಂಥದ್ದು ಎಂದು ಹೊಗಳುತ್ತಾನೆ. ಅವೆಲ್ಲ ಆಮೇಲಿನ ಮಾತು. ಎಂಎಂಒಆರ್‌ಪಿಜಿ ಎಂದು ಕರೆಯುವ ಈ ಜಾತಿಯ ಆಟಗಳಲ್ಲಿ ನೀವೊಂದು ಪಾತ್ರ ಮಾಡಿಕೊಂಡು, ಸಾವಿರಾರು ಜನ ಒಂದೇ ಹೊತ್ತಿಗೆ ಓಡಾಡುವ ಲೋಕದಲ್ಲಿ ಅದನ್ನು ಬೆಳೆಸುತ್ತ ಹೋಗಬೇಕು. ಪಬ್‌ಜಿಯ ಹಾಗೆ ಅರ್ಧ ಗಂಟೆಗೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುವ ಪಂದ್ಯವಲ್ಲ. ಆ ಲೋಕ ಕಂಪನಿಯ ಸರ್ವರಿನಲ್ಲಿದೆ. ನೀವು ಮಲಗಿದರೂ ಅದು ನಡೆಯುತ್ತಲೇ ಇರುತ್ತದೆ. ಹಾಗಾಗಿ ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದೇ ತೊಡಕು. ಇಂಥ ಆಟ ನಮಗೆ ಆಗಿಬರುತ್ತದೋ ಇಲ್ಲವೋ ಎಂದು ತಿಳಿಯಲು ನಾನು ಕೇಳುವ ದೊಡ್ಡ ಪ್ರಶ್ನೆ ಒಂದೇ: ನಡುವೆ ಎದ್ದು ಹೋದರೆ ಅದು ಏನು ಮಾಡುತ್ತದೆ? ಅದಕ್ಕೆ ಮುಂಚೆ ಒಂದೆರಡು ಸಣ್ಣ ಪರೀಕ್ಷೆಗಳಿವೆ.

ಮೊದಲು ಪಿಂಗ್ ನೋಡಿ

ಸ್ಪೀಡ್ ಟೆಸ್ಟ್ ಆ್ಯಪ್ ತೋರಿಸುವ ದೊಡ್ಡ ಅಂಕಿ ನೋಡಿ ಹಿಗ್ಗಬೇಡಿ. ಆಡುವಾಗ ಖರ್ಚಾಗುವ ಡೇಟಾ ಯೂಟ್ಯೂಬ್ ನೋಡುವುದಕ್ಕಿಂತ ಎಷ್ಟೋ ಕಡಿಮೆ. ಇಲ್ಲಿ ಬೇಕಾದದ್ದು ಪಿಂಗ್, ಅಂದರೆ ನೀವು ಒತ್ತಿದ್ದು ಸರ್ವರಿಗೆ ಮುಟ್ಟಿ ಉತ್ತರ ಮರಳಲು ಹಿಡಿಯುವ ಹೊತ್ತು. ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಸರ್ವರ್ ಸಿಂಗಾಪುರದಲ್ಲಿದ್ದರೆ ಅದು ನಮಗೆ 3,000 ಕಿ.ಮೀ.ಗೂ ಮೇಲೆ. ಯಾರ ನೆಟ್ ಹಾಕಿಸಿದರೂ ಹೋಗಿ ಬರಲು 30 ಮಿಲಿಸೆಕೆಂಡಿಗಿಂತ ಕಡಿಮೆ ಆಗದು. ದಾರಿಯ ಸುತ್ತುಬಳಸು ಸೇರಿದರೆ ಅದರ ಎರಡು ಮೂರು ಪಟ್ಟು. ಯುರೋಪಿನ ಸರ್ವರಾದರೆ ಕೇಳುವುದೇ ಬೇಡ.

ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಆಟದ ಸರ್ವರಿನ ವಿಳಾಸಕ್ಕೆ ಪಿಂಗ್ ಆಜ್ಞೆ ಕೊಟ್ಟು ನೂರು ಸಲ ಹೋಗಿ ಬರಲು ಬಿಡಿ. ಬೆಳಗ್ಗೆ ಒಮ್ಮೆ, ಊರಿಗೆ ಊರೇ ಮೊಬೈಲ್ ಹಿಡಿದಿರುವ ರಾತ್ರಿ ಎಂಟರ ಸುಮಾರಿಗೆ ಒಮ್ಮೆ, ಜೋರು ಮಳೆ ಹೊಡೆಯುವಾಗ ಮತ್ತೊಮ್ಮೆ. 250 ಬಂದರೂ ಅದೇ ಅಂಕಿ ನಿಂತಿದ್ದರೆ ಎಷ್ಟೋ ಆಟ ಆಡಬಹುದು. 60 ಇದ್ದದ್ದು 900ಕ್ಕೆ ಹಾರಿ ಇಳಿಯುತ್ತಿದ್ದರೆ, ನೂರರಲ್ಲಿ ನಾಲ್ಕೈದು ದಾರಿಯಲ್ಲೇ ಕಳೆದುಹೋಗುತ್ತಿದ್ದರೆ, ಕಣ್ಣೆವೆ ಮುಚ್ಚಿ ತೆಗೆಯುವುದರೊಳಗೆ ಸೋಲು ಗೆಲುವು ತೀರ್ಮಾನವಾಗುವ ಕಾದಾಟದ ಆಸೆ ಬಿಡಿ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಬ್ರಿಟನ್ನಿನ ಜಾಗೆಕ್ಸ್ ಕಂಪನಿಯ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಆಟದ ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಎಲ್ಲರ ಲೆಕ್ಕ ತೆಗೆದುಕೊಳ್ಳುತ್ತದೆ. ನಿಮ್ಮ ಪಿಂಗ್ 50 ಇರಲಿ, 250 ಇರಲಿ, ಹೆಚ್ಚಿನ ಕೆಲಸಗಳಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಮೂಲ ರೂನ್‌ಸ್ಕೇಪ್ ಹುಟ್ಟಿದ್ದು 2001ರಲ್ಲಿ, ಆಗಿನ ನಿಧಾನದ ಇಂಟರ್ನೆಟ್ಟಿಗೆ. ನಮ್ಮ ಟವರಿನ ಮಟ್ಟಿಗೆ ಆ ಹಳೆತನವೇ ವರ. ಓಲ್ಡ್ ಸ್ಕೂಲ್ 2018ರಿಂದ ಮೊಬೈಲಿನಲ್ಲೂ ಇದೆ. ಇದಕ್ಕೆ ತದ್ವಿರುದ್ಧ ‘ಆಲ್ಬಿಯನ್ ಆನ್‌ಲೈನ್’. ಅದರ ಕೆಂಪು, ಕಪ್ಪು ವಲಯಗಳಲ್ಲಿ ಸತ್ತರೆ ಮೈಮೇಲಿನ ಸಾಮಾನೆಲ್ಲ ಕೈತಪ್ಪಿತೆಂದೇ ಲೆಕ್ಕ. ನೀವು ಸತ್ತದ್ದು ಎದುರಾಳಿಯ ಚಾಕಚಕ್ಯತೆಯಿಂದಲೋ, ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದದ್ದರಿಂದಲೋ ಎಂದು ಆಟ ಕೇಳುವುದಿಲ್ಲ. ಅದನ್ನೇ ಆಡುವುದಾದರೆ ಮಳೆಗಾಲದಲ್ಲಿ ನೀಲಿ, ಹಳದಿ ವಲಯ ದಾಟಬೇಡಿ.

ಡೌನ್‌ಲೋಡ್ ಲೆಕ್ಕ ಸುಲಭ. ‘ಫೈನಲ್ ಫ್ಯಾಂಟಸಿ 14’ ಕಂಪ್ಯೂಟರಿನಲ್ಲಿ 140 ಜಿಬಿ ಜಾಗ ಕೇಳುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಅಷ್ಟನ್ನು ಇಳಿಸಲು ಮೂರು ತಿಂಗಳು ಬೇಕು, ಅದೂ ಮನೆಯವರು ಯಾರೂ ವಾಟ್ಸ್ಆ್ಯಪ್ ನೋಡದಿದ್ದರೆ. ಬೆಂಗಳೂರಿನ ತಮ್ಮನೋ ಭಾವನೋ ಊರಿಗೆ ಬರುವಾಗ ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ ತರಲು ಹೇಳಿ. ಆಟ ಮಾರುವ ‘ಸ್ಟೀಮ್’ ಆನ್‌ಲೈನ್ ಅಂಗಡಿಯಲ್ಲಿ ಬ್ಯಾಕಪ್ ತೆಗೆದು ಇನ್ನೊಂದು ಕಂಪ್ಯೂಟರಿಗೆ ಹಾಕುವ ಸೌಲಭ್ಯವೇ ಇದೆ. ಆದರೂ ಆಗಾಗ ಬರುವ ಅಪ್‌ಡೇಟಿಗೆ ಡೇಟಾ ತೆಗೆದಿಡಬೇಕು.

ಒಂದು ಎಚ್ಚರಿಕೆ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆಗಳು ಎಲ್ಲಿವೆ ಎಂಬ ಸಂದೇಶ ಬರುವುದು ಇದೇ ಫೋನಿಗೆ. ಆಟವಾಡಿ ರಾತ್ರಿ ಬ್ಯಾಟರಿ ಖಾಲಿ ಮಾಡಿಕೊಂಡು, ಬೆಳಗ್ಗೆ ಕರೆಂಟಿಲ್ಲದೆ, ಸುದ್ದಿ ತಿಳಿಯದೆ ತೋಟಕ್ಕೆ ಹೊರಡುವುದು ಹುಡುಗಾಟವಲ್ಲ. ಚಾರ್ಜ್ 40ಕ್ಕೆ ಇಳಿಯಿತೆಂದರೆ ಆಟ ಬಂದ್ ಎಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ಗುಡುಗು ಶುರುವಾದರೆ ರೂಟರಿನ ವೈರು ಕೀಳುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಎದ್ದು ಹೋದರೆ ಏನಾಗುತ್ತದೆ?

ಈಗ ದೊಡ್ಡ ಪ್ರಶ್ನೆ. ನಮ್ಮಲ್ಲಿ ಬಿಡುವು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದಲ್ಲಿ ಹೊತ್ತು ಹೋಗುವುದಿಲ್ಲ. ಅರೇಬಿಕಾ ಹಣ್ಣಾದರೆ, ಅದರ ಹಿಂದೆಯೇ ರೊಬಸ್ಟಾ ಬಂದರೆ ಕಣ ಬಿಟ್ಟು ಕದಲಲಾಗುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿ ತನಕ ಆಟ ಮುಟ್ಟದಿದ್ದರೆ ನಿಮಗೆ ಏನು ನಷ್ಟ ಎಂದು ಆಟಕ್ಕೆ ಸೇರುವ ಮೊದಲೇ ವಿಚಾರಿಸಿ. ಆಟದಿಂದ ಆಟಕ್ಕೆ ಉತ್ತರ ಬೇರೆ.

ಫೈನಲ್ ಫ್ಯಾಂಟಸಿ 14ರಲ್ಲಿ ಹಣ ಕೂಡಿಟ್ಟು ಸೈಟು ಹಿಡಿದು ಮನೆ ಕಟ್ಟಿಸಬಹುದು. 45 ದಿನ ಆ ಮನೆಯೊಳಗೆ ಕಾಲಿಡದಿದ್ದರೆ ಅದನ್ನು ಕೆಡವಿ ಸೈಟು ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಎಲ್ಲಾದರೂ ದೊಡ್ಡ ಪ್ರಕೃತಿ ವಿಕೋಪವಾದಾಗ ಈ ನಿಯಮಕ್ಕೆ ಕೆಲಕಾಲ ತಡೆ ಕೊಟ್ಟದ್ದುಂಟು. ಕಾಫಿ ಕೊಯ್ಲಿಗೆ ಕೊಡುವ ಹಾಗೆ ಕಾಣೆ. ಆ ಆಟ ಒಳ್ಳೆಯದೇ, ಅದರಲ್ಲಿ ಮನೆ ಮಾಡಬೇಡಿ ಅಷ್ಟೆ.

‘ಗಿಲ್ಡ್ ವಾರ್ಸ್ 2’ ಬಂದದ್ದು 2012ರ ಆಗಸ್ಟಿನಲ್ಲಿ. ಅಂದು ಪಾತ್ರದ ಗರಿಷ್ಠ ಹಂತ 80 ಇತ್ತು, ಇಂದೂ 80. ಅಂದು ಸಂಪಾದಿಸಿದ ಒಳ್ಳೆಯ ಕತ್ತಿ ಇಂದಿಗೂ ಮುಕ್ಕಾಗಿಲ್ಲ. ತಿಂಗಳ ಚಂದಾ ಇಲ್ಲ, ಮೂಲ ಆಟ ಉಚಿತ. ಕೊಯ್ಲು ಮುಗಿಸಿ ಮಾರ್ಚಿನಲ್ಲಿ ಮರಳಿದರೂ ನೀವು ಹಿಂದೆ ಬಿದ್ದಿರುವುದಿಲ್ಲ. ಐಸ್‌ಲ್ಯಾಂಡಿನ ‘ಈವ್ ಆನ್‌ಲೈನ್’ ಇನ್ನೂ ವಿಚಿತ್ರ: ಅದರಲ್ಲಿ ಪಾತ್ರ ವಿದ್ಯೆ ಕಲಿಯುವುದು ಗಡಿಯಾರದ ಸಮಯದಲ್ಲಿ. ಕಲಿಯಲು ಹಚ್ಚಿ ನೀವು ತೋಟಕ್ಕೆ ಹೋದರೆ ಅದು ಕಲಿಯುತ್ತಿರುತ್ತದೆ. ಆದರೆ ಅಲ್ಲಿನ ಕಾದಾಟಗಳಲ್ಲಿ ಕಳೆದ ಹಡಗು ಕಳೆದ ಹಾಗೆಯೇ, ಮರಳಿ ಬರುವುದಿಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ಎರಡು ಬಗೆಯ ನಡುವೆ ನಿಲ್ಲುತ್ತದೆ. ಪಾತ್ರ ಹಾಗೇ ಉಳಿಯುತ್ತದೆ, ಹೊಸ ಕಂತು ಬಂದಾಗ ಹಳೆಯ ಆಯುಧಗಳು ಮಾತ್ರ ಗುಜರಿ.

ಕೆಲವು ಮೊಬೈಲ್ ಆಟಗಳು ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ ಕೊಡುತ್ತವೆ, ಒಂದು ದಿನ ತಪ್ಪಿದರೆ ಸರಣಿ ಕಡಿದು ಮೊದಲಿನಿಂದ ಎಣಿಸುತ್ತವೆ. ಅಂಥವನ್ನು ನಾನು ಯಾರಿಗೂ ಹೇಳುವುದಿಲ್ಲ. ಆಳುಗಳಿಗೇ ವಾರದ ರಜೆ ಕೊಡುತ್ತೇವೆ, ಆಟ ನಮಗೆ ಒಂದು ದಿನದ ರಜೆಯನ್ನೂ ಕೊಡದಿದ್ದರೆ ಹೇಗೆ?

ಜೊತೆಗಾರರ ಹೊತ್ತನ್ನೂ ಕೇಳಿ. ದೊಡ್ಡ ಶತ್ರುವನ್ನು ಹೊಡೆಯಲು ಎಂಟು ಮಂದಿ, ಇಪ್ಪತ್ತು ಮಂದಿ ಒಟ್ಟಿಗೆ ಸೇರಬೇಕಾಗುತ್ತದೆ. ಜರ್ಮನಿ ಕಡೆಯ ತಂಡ ರಾತ್ರಿ ಎಂಟಕ್ಕೆ ಸೇರುತ್ತದೆಂದರೆ ಅದು ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ನ್ಯೂಯಾರ್ಕಿನವರ ರಾತ್ರಿ ಎಂಟು ನಮ್ಮ ಬೆಳಗಿನ ಐದೂವರೆ ಅಥವಾ ಆರೂವರೆ. ಜಪಾನಿನವರ ಒಂಬತ್ತು ನಮ್ಮ ಸಂಜೆ ಐದೂವರೆ. ಬೆಳಗ್ಗೆ ಬೇಗ ಏಳುವ ಪ್ಲಾಂಟರಿಗೆ ಅಮೆರಿಕದ ತಂಡವೇ ಹೊಂದೀತು. ಯುರೋಪಿನ ತಂಡ ಸೇರಿದವರ ನಿದ್ದೆ ವಾರದೊಳಗೆ ಹಾಳು.

ದುಡ್ಡು ಹೋಗುವ ದಾರಿಗಳು

ಚಂದಾ ನೇರವಾದ ದಾರಿ. ವಾರ್‌ಕ್ರಾಫ್ಟ್ 2004ರಿಂದಲೂ ತಿಂಗಳಿಗೆ 15 ಡಾಲರಿನ ಆಸುಪಾಸಿನಲ್ಲಿದೆ, ನಮ್ಮ ಲೆಕ್ಕದಲ್ಲಿ 1,200 ರೂಪಾಯಿಗೂ ಮೇಲೆ. 20ನೇ ಹಂತದ ತನಕ ಅದೂ ಉಚಿತ. ಫೈನಲ್ ಫ್ಯಾಂಟಸಿ 14ರ ಉಚಿತ ಟ್ರಯಲ್ 70ನೇ ಹಂತದ ತನಕ, ದಿನಗಳ ಮಿತಿಯಿಲ್ಲ. ಟ್ರಯಲ್‌ನಲ್ಲಿ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವಂತಿಲ್ಲ, ಸಂಘ ಸೇರುವಂತಿಲ್ಲ. ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಟ ಕೊಂಡರೆ ಆ ಖಾತೆ ಟ್ರಯಲ್‌ಗೆ ಮರಳುವಂತಿಲ್ಲ. ಆತುರಪಟ್ಟು ಕೊಳ್ಳಬೇಡಿ.

‘ಉಚಿತ’ ಎನ್ನುವ ಆಟಗಳಲ್ಲೇ ಕೈ ಸುಡುವುದು ಹೆಚ್ಚು. ‘ಗೆನ್ಶಿನ್ ಇಂಪ್ಯಾಕ್ಟ್’ ನೋಡಿ. ಇದು ನಾಲ್ಕೇ ಜನ ಸೇರಿ ಆಡಬಹುದಾದ ಆಟ, ಪೂರ್ತಿ ಎಂಎಂಒ ಅಲ್ಲ, ಆದರೆ ಹುಡುಗರ ಫೋನಿನಲ್ಲಿ ಕಾಣುವುದು ಇದೇ. ಬೇಕಾದ ಪಾತ್ರ ಸಿಗಲು ಚೀಟಿ ಎತ್ತಬೇಕು. ಅತ್ಯುತ್ತಮ ದರ್ಜೆಯದು ಸಿಗುವ ಸಂಭವ ಒಂದು ಚೀಟಿಗೆ ಶೇ 0.6. 90 ಚೀಟಿಯೊಳಗೆ ಒಂದು ಖಂಡಿತ, ಅದು ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ದುರದೃಷ್ಟವಿದ್ದರೆ 180ರ ತನಕ ಎತ್ತಬೇಕು. ಈ ಚೀಟಿ ವ್ಯವಹಾರಕ್ಕಾಗಿ 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ ಕಂಪನಿ 2 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದಿತ್ತು.

ಆಡಿ ಸಂಪಾದಿಸಬಹುದು ಎಂದು ಯಾರಾದರೂ ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ. ಹಣ ಹೂಡಿ ಹಣ ಗೆಲ್ಲುವ ಆಸೆ ಹುಟ್ಟಿಸುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ. ಮನರಂಜನೆಗೆ ಚಂದಾ ಕಟ್ಟಿ ಆಡುವುದು ಅದರಲ್ಲಿ ಬರುವುದಿಲ್ಲ. ಆಟದೊಳಗಿನ ಚಿನ್ನವನ್ನು ಹೊರಗೆ ದುಡ್ಡಿಗೆ ಮಾರುವುದಕ್ಕೆ ರೂನ್‌ಸ್ಕೇಪ್, ವಾರ್‌ಕ್ರಾಫ್ಟ್‌ಗಳಲ್ಲೂ ಅನುಮತಿಯಿಲ್ಲ, ಸಿಕ್ಕಿಬಿದ್ದರೆ ಖಾತೆ ರದ್ದು. ಮೋಸಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಖರ್ಚು ಮಾಡಿದ ಲೋಕ ಮುಚ್ಚಿಹೋಗಲೂಬಹುದು. ‘ಸಿಟಿ ಆಫ್ ಹೀರೋಸ್’ ಸರ್ವರುಗಳನ್ನು 2012ರ ನವೆಂಬರ್ 30ರಂದು ಆರಿಸಿದರು. ನಮ್ಮಲ್ಲೇ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾದಾಗ ದುಡ್ಡು ಕೊಟ್ಟು ಬಂದೂಕಿಗೆ ಬಣ್ಣ ಹಾಕಿಸಿಕೊಂಡಿದ್ದವರ ಪೇಚಾಟ ಊರೂರಲ್ಲಿ ಕಂಡದ್ದೇ.

ನಿಮ್ಮದು ಯಾವ ಎಲೆ?

ಇಷ್ಟು ಸೋಸಿದ ಮೇಲೆ ಉಳಿದ ಒಂದೆರಡು ಆಟಗಳಲ್ಲಿ ನಿಮ್ಮ ಮನಸ್ಸಿಗೆ ಹೊಂದುವುದು ಯಾವುದು? 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಬರೀ ಅಕ್ಷರಗಳಲ್ಲಿ ನಡೆಯುವ ‘ಮಡ್’ ಎಂಬ ಆಟ ಹುಟ್ಟಿತು, ಇಂದಿನವಕ್ಕೆಲ್ಲ ಮುತ್ತಜ್ಜ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ಇಸ್ಪೀಟೆಲೆಯ ನಾಲ್ಕು ಬಣ್ಣಗಳಾಗಿ ವಿಂಗಡಿಸಿದರು. ಹಂತ, ಅಂಕ, ಆಸ್ತಿ ಕೂಡಿಸುವವರು ಡೈಮಂಡು. ಮೂಲೆ ಮೂಲೆ ಅಗೆದು ನೋಡುವವರು ಇಸ್ಪೀಟು. ಮಾತಿಗೆ, ಸ್ನೇಹಕ್ಕೆ ಬರುವವರು ಆಟೀನು. ಇನ್ನೊಬ್ಬರನ್ನು ಬಡಿಯುವುದರಲ್ಲೇ ಸುಖ ಕಾಣುವವರು ಕಳಾವರ್. ಮಳೆಗಾಲದಲ್ಲಿ ಒಟ್ಟಿಗೆ ರಮ್ಮಿಗೆ ಕೂರುವ ಗುಂಪಿನಲ್ಲೇ ಈ ನಾಲ್ವರೂ ಸಿಗುತ್ತಾರೆ. ಆಟೀನಿನವರು ಗೆಳೆಯರಿರುವ ಕಡೆಗೇ ಹೋಗಲಿ, ಆಟ ಸಾಧಾರಣವಾದರೂ ಚಿಂತೆಯಿಲ್ಲ. ಇಸ್ಪೀಟಿನವರಿಗೆ ಗಿಲ್ಡ್ ವಾರ್ಸ್ 2, ಕಳಾವರಿನವರಿಗೆ ಆಲ್ಬಿಯನ್. ಡೈಮಂಡಿನವರು ರೂನ್‌ಸ್ಕೇಪಿಗೆ ಇಳಿಯುವ ಮುನ್ನ ಯೋಚಿಸಿ.

ಯಾಕೆಂದರೆ ಅದರ ಲೆಕ್ಕ ಹೀಗಿದೆ. ಮೊದಲು ಕಲಿಕೆಯ ದ್ವೀಪದಲ್ಲಿ ಬಿಡುತ್ತಾರೆ. ಒಂದು ಮರ ಕಡಿಯಬೇಕು, ಬೆಂಕಿ ಹಚ್ಚಬೇಕು, ಬಲೆ ಹಾಕಿ ಸಿಗಡಿ ಹಿಡಿದು ಸುಡಬೇಕು. ಆಮೇಲೆ ನಿಜವಾದ ಮರ ಕಡಿಯುವುದು ಶುರು, ಪ್ರತಿ 2.4 ಸೆಕೆಂಡಿಗೆ ಒಂದು ಪ್ರಯತ್ನ. ಪ್ರತಿ ವಿದ್ಯೆಯೂ 99ನೇ ಹಂತದ ತನಕ. ಅಲ್ಲಿಗೆ ಬೇಕಾದ ಅಂಕ 1,30,34,431. ಅದರ ಅರ್ಧ ದಾರಿ ಎಂದರೆ 50ನೇ ಹಂತವಲ್ಲ, 92! ತೋಟದಲ್ಲಿ ದಿನವಿಡೀ ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡಿಸಿ ಬಂದು ರಾತ್ರಿ ಫೋನಿನಲ್ಲೂ ಮರ ಕಡಿಯಬೇಕೇ ಎಂದು ಮನೆಯವರು ಕೇಳಿದರೆ ಉತ್ತರ ಹುಡುಕಿಟ್ಟುಕೊಳ್ಳಿ. ನನಗಂತೂ ಆ ಟಕ್ ಟಕ್ ಸದ್ದು ಹಿಡಿಸುತ್ತದೆ.

ಆಯ್ದ ಆಟವನ್ನು ಒಂದು ವಾರ ಉಚಿತವಾಗಿಯೇ ಆಡಿ. ಕೊಂಡೇ ನೋಡಬೇಕೆಂದರೆ ಸ್ಟೀಮ್‌ನಲ್ಲಿ ಕೊಳ್ಳಿ: 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು. ವಾರದ ಕೊನೆಯಲ್ಲಿ ಕೇಳಿಕೊಳ್ಳಿ: ಆಟ ಮುಚ್ಚಿದ ಮೇಲೆ ಅದರಲ್ಲಿ ನಡೆದ ಏನನ್ನಾದರೂ ಗೆಳೆಯನಿಗೆ ಹೇಳಬೇಕೆನಿಸಿತೇ? ಸಂಖ್ಯೆ ಏರಿದ್ದು ಬಿಟ್ಟು ಬೇರೇನೂ ನೆನಪಾಗದಿದ್ದರೆ ಅಲ್ಲಿಗೆ ಮುಗಿಸಿ. ‘ಮೊದಲ ಐವತ್ತು ಗಂಟೆ ಸಪ್ಪೆ, ಆಮೇಲೆ ನೋಡು’ ಎಂದು ಸಮಾಧಾನ ಹೇಳುವವರಿರುತ್ತಾರೆ. ಕಾಫಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯುತ್ತೇವೆ, ನಿಜ. ಅದು ಫಸಲು ಕೊಡುತ್ತದೆಂದು ಅಪ್ಪ ಅಜ್ಜ ಕಂಡಿದ್ದಾರೆ. ಆಟಕ್ಕೆ ಆ ಸಾಲ ಕೊಡಲು ನನಗೆ ಮನಸ್ಸಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಆಡುವುದೇ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 2022ರಿಂದ ಜಾರಿಯಲ್ಲಿರುವ ‘ಗೇಮಿಂಗ್ ಡಿಸಾರ್ಡರ್’ ಎನ್ನಬೇಕಾದರೆ ಹಿಡಿತ ತಪ್ಪಿ, ಊಟ, ಓದು, ನೆಂಟಸ್ತಿಕೆಗಳೆಲ್ಲ ಹಿಂದೆ ಬಿದ್ದು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹಾಗೇ ನಡೆದಿರಬೇಕು. ಅನುಮಾನವಿದ್ದರೆ ಬೈದು ಫೋನ್ ಕಸಿಯುವ ಮೊದಲು ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ಇದೆ.

ಬಿಡುವುದಾದರೆ

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾರಿಕೆಗಳ ಪುಟಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಕಾರ್ಡಿನಿಂದ ಕಟ್ಟಿಸಿದ್ದರೆ 15,000 ರೂಪಾಯಿ ತನಕದ ಮುಂದಿನ ಕಂತುಗಳು ಒಟಿಪಿ ಕೇಳದೆ ಹೋಗುತ್ತವೆ, ಆದರೆ ಕಡಿತಕ್ಕೆ 24 ಗಂಟೆ ಮುಂಚೆ ಬ್ಯಾಂಕು ಸಂದೇಶ ಕಳಿಸಲೇಬೇಕು. ಆ ಸಂದೇಶ ಬಂದ ದಿನವೇ ರದ್ದು ಮಾಡಿ. ಮಗು ತಿಳಿಯದೆ ಏನಾದರೂ ಕೊಂಡಿದ್ದರೆ ಗೂಗಲ್ ಪ್ಲೇಗೆ 48 ಗಂಟೆಯೊಳಗೆ ಹಣ ವಾಪಸಿಗೆ ಅರ್ಜಿ ಹಾಕಿ. ನೆಟ್‌ವರ್ಕ್ ಸಿಗದಿದ್ದರೆ ಹೆತ್ತೂರಿಗೋ ಸಕಲೇಶಪುರಕ್ಕೋ ಹೋದಾಗಲಾದರೂ ಮೊದಲು ಆ ಕೆಲಸ ಮುಗಿಸಿ, ಸಂತೆ ಆಮೇಲೆ ಮಾಡಿ.