ಕವರ್ ವಾಪಸ್ ಬಂತು, ಋಣ ಹಾಗೇ ಉಳಿಯಿತೇ?

ಪ್ರಶ್ನೆ: ನಮ್ಮದು ರಾಯಲ್ಪಾಡು ಹತ್ತಿರದ ಹಳ್ಳಿ, ಮಾವಿನ ತೋಟವೇ ಜೀವನ. ಕಾಯಿ ಕೀಳುವ ಸಮಯದಲ್ಲಿ ಅಪ್ಪನಿಗೆ ತೋಟದಲ್ಲೇ ಎದೆನೋವು ಬಂತು. ಪಕ್ಕದ ತೋಟದವರು 108ಕ್ಕೆ ಫೋನ್ ಮಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಇಂಜೆಕ್ಷನ್ ಕೊಟ್ಟು, ಬೆಂಗಳೂರಿನ ಜಯದೇವಕ್ಕೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಚೆಕಪ್‌ಗೆ ಹೋದಾಗ ಅಪ್ಪ ಎರಡು ಕ್ರೇಟ್ ಬಾದಾಮಿ ಹಣ್ಣು ಒಯ್ದರು. ರಾತ್ರಿಯೆಲ್ಲ ನೋಡಿಕೊಂಡ ನರ್ಸಮ್ಮನಿಗೆ ಕವರಿನಲ್ಲಿ ಹತ್ತು ಸಾವಿರ. ಹಣ್ಣು ಹಂಚಿಕೊಂಡರು, ಕವರನ್ನು ಮುಟ್ಟಲೂ ಇಲ್ಲ. ಅಂದಿನಿಂದ ಅಪ್ಪ ಸಪ್ಪಗಿದ್ದಾರೆ. ‘ಪ್ರಾಣ ಉಳಿಸಿದೋರ ಋಣ ಹೊತ್ಕೊಂಡೇ ಸಾಯ್ಬೇಕಾ’ ಅಂತ ಅಳುತ್ತಾರೆ. ಸ್ಟೆಂಟ್ ಹಾಕಿದ್ದಾರಲ್ಲ ಅಂತ ಮಾತ್ರೆಯನ್ನೂ ಬಿಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಮಾತ್ರೆಯ ವಿಷಯ, ಇದು ಇವತ್ತೇ ಆಗಬೇಕು. ಸ್ಟೆಂಟ್ ಹಾಕಿದ ಜಾಗದಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಒಂದು ವರ್ಷ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಅವುಗಳಲ್ಲಿ ಒಂದನ್ನು ಆಮೇಲೂ ಮುಂದುವರಿಸುವುದೇ ಹೆಚ್ಚು. ನಡುವೆ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಿ ಇನ್ನೊಂದು ಹೃದಯಾಘಾತ ಆಗಬಹುದು. ಎಷ್ಟು ದಿನದ ಮಾತ್ರೆ ತಪ್ಪಿದೆ ಎಂದು ಲೆಕ್ಕ ಹಾಕಿ ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಡಬ್ಬಿ ನಿಮ್ಮ ಕೈಯಲ್ಲಿರಲಿ.

ಇನ್ನು ಆ ಕವರು. ನರ್ಸಮ್ಮ ಮಾಡಿದ್ದು ಸರಿ. ಜಯದೇವದಲ್ಲಿ ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂಬ ಪದ್ಧತಿಯನ್ನು ಬೆಳೆಸಿದರು. ಕೈಯಲ್ಲಿ ಕಾಸಿಲ್ಲದವರೂ ಧೈರ್ಯವಾಗಿ ಆ ಬಾಗಿಲಿಗೆ ಬರುವುದು ಅದನ್ನು ನಂಬಿ. ಹತ್ತು ಸಾವಿರದ ಕವರು ಒಂದು ಮಂಚದ ಬಳಿ ಕೈ ಬದಲಾಯಿಸಿದರೆ, ಪಕ್ಕದ ಮಂಚದವರ ಮನೆಯವರು ‘ನಾವೂ ಕೊಡಬೇಕೇನೋ’ ಎಂದು ಸಾಲಕ್ಕೆ ಹೊರಡುತ್ತಾರೆ. ಇದನ್ನು ನಿಮ್ಮಪ್ಪನಿಗೆ ಹೀಗೇ ಹೇಳಿ, ಅವರಿಗೆ ಅರ್ಥವಾಗುತ್ತದೆ. ಮಂಡಿಯಲ್ಲಿ ಒಂದು ರೂಪಾಯಿ ಬಾಕಿ ಇಡದೆ ಬಾಳಿದವರಿಗೆ ಈ ಲೆಕ್ಕ ತೆರೆದೇ ಉಳಿದದ್ದು ಸಂಕಟ. ನರ್ಸಮ್ಮ ತಮ್ಮನ್ನು ಕೀಳಾಗಿ ಕಂಡಳು ಅನ್ನುವ ನೋವು ಒಳಗೆ ಇದ್ದೀತು, ಅದನ್ನು ತೆಗೆಯಬೇಕು.

ಆದರೆ ನಿಮ್ಮ ಪತ್ರ ಓದುವಾಗ ನನಗೆ ಇನ್ನೊಂದು ಕಾಣಿಸಿತು. ಬೆಂಗಳೂರಿಗೆ ಹಣ್ಣು ಹೋಯಿತು, ತಾಲ್ಲೂಕು ಆಸ್ಪತ್ರೆಗೆ? ಹೃದಯದ ರಕ್ತನಾಳ ಕಟ್ಟಿಕೊಂಡಾಗ ನಿಮಿಷ ನಿಮಿಷಕ್ಕೂ ಮಾಂಸಖಂಡ ಸಾಯುತ್ತಿರುತ್ತದೆ. ಆಂಧ್ರದ ಗಡಿಯಲ್ಲಿರುವ ನಿಮ್ಮ ಊರಿನಿಂದ ಬೆಂಗಳೂರು ತಲುಪುವಷ್ಟು ಹೊತ್ತು ಏನೂ ಮಾಡದೆ ಕಳೆದಿದ್ದರೆ ಬಹಳ ನಷ್ಟವಾಗುತ್ತಿತ್ತು. ಹೆಪ್ಪು ಕರಗಿಸುವ ಆ ಇಂಜೆಕ್ಷನ್ ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಅದು ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಸಿಗಲೆಂದೇ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದದ್ದು. ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಪುನೀತ್ 2021ರ ಅಕ್ಟೋಬರ್ 29ರಂದು, ಬರೀ 46ನೇ ವಯಸ್ಸಿಗೆ ಹೃದಯಾಘಾತದಿಂದ ಹೋದರು. ಯೋಜನೆಗೆ ಅವರ ಹೆಸರಿಟ್ಟದ್ದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಆ ದಿನ ಇಸಿಜಿ ತೆಗೆದವರು, ತಡಮಾಡದೆ ಸೂಜಿ ಚುಚ್ಚಿದ ಡ್ಯೂಟಿ ಡಾಕ್ಟರ್, ಆಂಬುಲೆನ್ಸ್ ಓಡಿಸಿದವರು, ಫೋನ್ ಮಾಡಿದ ಪಕ್ಕದ ತೋಟದವರು: ನಿಮ್ಮಪ್ಪನ ಋಣ ಮೊದಲು ಇವರಲ್ಲಿದೆ. ಎಲ್ಲ ಕಡೆಯೂ ಹೀಗೇ, ದೊಡ್ಡ ಆಸ್ಪತ್ರೆಗೆ ಹಾರ, ಮೊದಲು ಕೈ ಹಿಡಿದವರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಪತ್ರ ಬರೆಯಿರಿ, ಎರಡು ಕಡೆಗೂ. ಆಸ್ಪತ್ರೆಯ ಮುಖ್ಯಸ್ಥರ ಹೆಸರಿಗಿರಲಿ. ತಾರೀಖು, ಹೊತ್ತು, ವಾರ್ಡು, ಯಾರು ಏನು ಮಾಡಿದರು ಎಲ್ಲ ಬರಲಿ. ಅಪ್ಪನೇ ಹೇಳಲಿ, ನೀವು ಬರೆದುಕೊಳ್ಳಿ. ಮಾತಿನ ನಡುವೆ ತೆಲುಗು ಬಂದರೆ ಬರಲಿ, ತಿದ್ದಬೇಡಿ. ಕೆಳಗೆ ಅವರೇ ಸಹಿ ಹಾಕಲಿ. ‘ನಿಮ್ಮಿಂದ ಒಂದು ಜೀವ ಉಳಿಯಿತು’ ಎಂಬ ಕಾಗದ ತಾಲ್ಲೂಕು ಆಸ್ಪತ್ರೆಗೆ ಬರುವುದು ಅಪರೂಪ.

ಆ ಹತ್ತು ಸಾವಿರ ಅಪ್ಪನ ಮನಸ್ಸನ್ನು ಕೊರೆಯುತ್ತಿದ್ದರೆ, ಊರಿನಲ್ಲಿ ಬಿ.ಪಿ., ಶುಗರ್ ಪರೀಕ್ಷೆಯ ಒಂದು ಶಿಬಿರ ನಡೆಸಲು ಆರೋಗ್ಯ ಕೇಂದ್ರದವರನ್ನು ಕೇಳಿ. ಬಂದವರ ಊಟದ ಖರ್ಚು ನಿಮ್ಮದಾಗಲಿ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ ಎಂದು ಅಲ್ಲಿ ನಿಮ್ಮಪ್ಪ ಹೇಳಿದರೆ, ನಾನು ಬರೆದದ್ದಕ್ಕಿಂತ ಹೆಚ್ಚು ಜನ ಕೇಳುತ್ತಾರೆ.

ಆ ಅಳುವನ್ನು ಬರೀ ಋಣದ ಮಾತು ಎಂದು ಬಿಡಬೇಡಿ. ಹೃದಯಾಘಾತ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಮಾತ್ರೆ ಬಿಡುವುದೂ ಎಷ್ಟೋ ಸಲ ಅದರ ಗುರುತೇ. ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತು ಹೆಚ್ಚಾದರೆ ಕಾಯದೆ ಕರೆದೊಯ್ಯಿರಿ. ಇಲ್ಲದಿದ್ದರೂ ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಈ ವಿಷಯವನ್ನು ನೀವೇ ಎತ್ತಿ, ಅಪ್ಪ ತಾವಾಗಿ ಹೇಳುವುದಿಲ್ಲ.