ಗಣಕಯಂತ್ರವು ಎಚ್ಚರಗೊಳ್ಳುವ ವೇಳೆ

ಗುಂಡಿಯನ್ನು ಒತ್ತಿದ ಕೂಡಲೇ ಗಣಕಯಂತ್ರವು ಕೆಲಸಕ್ಕೆ ಸಿದ್ಧವಾಗುವುದಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಆ ಕೆಲವು ಕ್ಷಣಗಳಲ್ಲಿ ಯಂತ್ರವು ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತಿರುತ್ತದೆ. ಚಿಕ್ಕದೊಂದು ಪ್ರೋಗ್ರಾಮ್ ಮೊದಲು ಎಚ್ಚತ್ತು ತನಗಿಂತ ದೊಡ್ಡದನ್ನು ಎಬ್ಬಿಸುತ್ತದೆ. ಅದು ಇನ್ನೂ ದೊಡ್ಡದನ್ನು. ಈ ಕ್ರಿಯೆಗೆ ‘ಬೂಟ್’ ಎಂದು ಹೆಸರು. ಪಾದರಕ್ಷೆಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಡಿ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವವನನ್ನು ಕುರಿತ ಇಂಗ್ಲಿಷ್ ಮಾತಿನಿಂದಲೇ ಈ ಹೆಸರು ಹುಟ್ಟಿತು.

ವಿಂಡೋಸ್ ವ್ಯವಸ್ಥೆಯಲ್ಲಿ, 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ ಕಾಲದಿಂದ, ಹೀಗೆ ಏಳುವುದಕ್ಕೆ ಬೇಕಾದ ಕಟ್ಟಳೆಗಳೆಲ್ಲ ‘ಬಿಸಿಡಿ’ ಎಂಬ ಸಣ್ಣ ದಫ್ತರದಲ್ಲಿ ಬರೆದಿರುತ್ತವೆ. ಯಾವ ವ್ಯವಸ್ಥೆಯನ್ನು ಎಬ್ಬಿಸಬೇಕು, ಪದೇ ಪದೇ ಏಳಲಾರದೆ ಹೋದರೆ ದುರಸ್ತಿಯ ಕ್ರಮಕ್ಕೆ ಹೊರಳಬೇಕೇ ಬೇಡವೇ ಎಂಬುದೆಲ್ಲ ಅಲ್ಲಿದೆ. ಈ ದಫ್ತರವನ್ನು ತಿದ್ದುವ ‘ಬಿಸಿಡಿಎಡಿಟ್’ ಎಂಬ ಸಾಧನವೂ ವಿಂಡೋಸಿನ ಜೊತೆಯಲ್ಲೇ ಬರುತ್ತದೆ. ತೊಂದರೆಯ ಮೂಲ ಇಲ್ಲಿಯೇ ಇದೆ.

ಮನೆಗೆ ಬೆಂಕಿಯಿಡಲು ಬಂದವನು ಬಾವಿಯ ಹಗ್ಗವನ್ನೂ ಕತ್ತರಿಸುವನಷ್ಟೆ! ರ‍್ಯಾನ್ಸಮ್‌ವೇರ್ ಎಂಬ ಸುಲಿಗೆಯ ಪ್ರೋಗ್ರಾಮುಗಳ ನಡೆಯೂ ಇದೇ. ನಮ್ಮ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬೀಗದ ಕೈಗೆ ಹಣ ಕೇಳುವುದು ಅವುಗಳ ಕಸುಬು. ಯಂತ್ರವು ತಾನೇ ಚೇತರಿಸಿಕೊಂಡರೆ ಹಣ ಕೊಡುವವರಾರು? 2017ರ ಮೇ 12ರಂದು ಹರಡತೊಡಗಿದ ‘ವನ್ನಾಕ್ರೈ’ಯನ್ನು ನೋಡಿ. ಅದು ಒಂದೇ ಸಾಲಿನಲ್ಲಿ ಹಲವು ಆಜ್ಞೆಗಳನ್ನು ಪೋಣಿಸಿತ್ತು: ವಿಂಡೋಸ್ ತೆಗೆದಿಟ್ಟ ನೆರಳು ಪ್ರತಿಗಳನ್ನು ಅಳಿಸು, ಏಳುವಾಗ ಬರುವ ವೈಫಲ್ಯಗಳನ್ನೆಲ್ಲ ಕಡೆಗಣಿಸು, ದುರಸ್ತಿಯ ಕ್ರಮವನ್ನು ನಿಲ್ಲಿಸು, ಬ್ಯಾಕಪ್ಪುಗಳ ಪಟ್ಟಿಯನ್ನು ತೆಗೆದುಹಾಕು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆ ಸಂಸ್ಥೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ಹಾವಳಿಯಿಂದ ತೊಂದರೆಗೊಳಗಾದವು. ಶಸ್ತ್ರಚಿಕಿತ್ಸೆಗೆಂದು ಬಂದ ರೋಗಿಗಳು ಹಿಂದಿರುಗಬೇಕಾಯಿತು.

2019ರಲ್ಲಿ ಬೆಳಕಿಗೆ ಬಂದ ‘ಸ್ನ್ಯಾಚ್’ನ ಉಪಾಯ ಇನ್ನೂ ಕುಟಿಲವಾದುದು. ವಿಂಡೋಸಿಗೆ ‘ಸೇಫ್ ಮೋಡ್’ ಎಂಬ ಮಿತ ಸ್ಥಿತಿಯೊಂದುಂಟು. ಅದರಲ್ಲಿ ಅತ್ಯಗತ್ಯವಾದ ಭಾಗಗಳು ಮಾತ್ರ ಏಳುತ್ತವೆ, ಕಾವಲಿನ ಪ್ರೋಗ್ರಾಮುಗಳು ಬಹುಮಟ್ಟಿಗೆ ಮಲಗಿರುತ್ತವೆ. ಸ್ನ್ಯಾಚ್ ದಫ್ತರವನ್ನು ತಿದ್ದಿ ಯಂತ್ರವನ್ನು ಈ ಸ್ಥಿತಿಯಲ್ಲಿ ಮತ್ತೆ ಎಬ್ಬಿಸಿ, ಕಾವಲಿಲ್ಲದ ಆ ಹೊತ್ತಿನಲ್ಲಿ ಕಡತಗಳಿಗೆ ಬೀಗ ಹಾಕುತ್ತಿತ್ತು. ಹೆಸರಿಗೆ ಅದು ಸುರಕ್ಷಿತ ಸ್ಥಿತಿ!

ಇನ್ನು ಪತ್ತೆಯ ವಿಚಾರ. ಬಿಸಿಡಿಎಡಿಟ್ ಸ್ವತಃ ನಿರಪರಾಧಿ. ಅದನ್ನು ಕಂಡೊಡನೆ ಹಿಡಿಯುವಂತಿಲ್ಲ. ಆದುದರಿಂದ ಪರೀಕ್ಷಕರು ಸಾಧನವನ್ನಲ್ಲ, ಅದಕ್ಕೆ ಕೊಟ್ಟ ಆಜ್ಞೆಯನ್ನು ನೋಡುತ್ತಾರೆ. ಹೊಸ ಪ್ರೋಗ್ರಾಮೊಂದು ಓಡಿದಾಗ ವಿಂಡೋಸ್ ತನ್ನ ದಿನಚರಿಯಲ್ಲಿ 4688ನೆಯ ಸಂಖ್ಯೆಯ ಘಟನೆಯೆಂದು ಬರೆದಿಡಬಲ್ಲುದು. ಆದರೆ ಆಜ್ಞೆಯ ಪೂರ್ಣಪಾಠವೂ ಅದರಲ್ಲಿ ಸೇರಬೇಕಾದರೆ ಬೇರೊಂದು ಕಟ್ಟಳೆಯನ್ನು ನಾವೇ ಜಾರಿಗೊಳಿಸಬೇಕು. ಅನೇಕ ಕಡೆ ಇದನ್ನು ಮರೆತಿರುತ್ತಾರೆ. ಆಗ ಕಳ್ಳ ಬಂದುದು ಗೊತ್ತಾದರೂ ಮಾಡಿದ್ದೇನೆಂಬುದು ತಿಳಿಯದು. ‘ರಿಕವರಿಎನೇಬಲ್ಡ್ ನೋ’ ಎಂಬ ಆಜ್ಞೆಯೊಂದೇ ಬಂದರೆ ಆಡಳಿತಗಾರನೇ ಸಕಾರಣವಾಗಿ ಕೊಟ್ಟಿರಬಹುದು. ನೆರಳು ಪ್ರತಿಗಳನ್ನು ಅಳಿಸುವ ಆಜ್ಞೆಯೂ ಅದೇ ನಿಮಿಷದಲ್ಲಿ ಬಂದು, ಎರಡನ್ನೂ ಹುಟ್ಟಿಸಿದ್ದು ತಾತ್ಕಾಲಿಕ ಕಡತಗಳ ನಡುವೆ ಅಡಗಿದ್ದ ಅಪರಿಚಿತ ಪ್ರೋಗ್ರಾಮಾಗಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ.

ಕೆಲವು ಪ್ರೋಗ್ರಾಮುಗಳು ಬೀಗ ಹಾಕುವ ಮೊದಲೇ ಹಗ್ಗ ಕತ್ತರಿಸುತ್ತವೆ, ಕೆಲವು ಅನಂತರ. ಮೊದಲನೆಯ ಜಾತಿಯಾದರೆ ಎಚ್ಚರಿಕೆಯ ಗಂಟೆ ಕಡತಗಳನ್ನು ಉಳಿಸೀತು. ಎರಡನೆಯದಾದರೆ ನೆರೆಯ ಯಂತ್ರಗಳನ್ನಾದರೂ ಉಳಿಸಬಹುದು. ಅಂಥ ಸಮಯದಲ್ಲಿ ಜಾಲದ ತಂತಿಯನ್ನು ಕೂಡಲೇ ಬಿಡಿಸಬೇಕು. ಗಾಬರಿಯಿಂದ ಯಂತ್ರವನ್ನು ಮತ್ತೆ ಆರಂಭಿಸಬಾರದು. ಸ್ನ್ಯಾಚ್‌ನಂಥದಕ್ಕೆ ಬೇಕಾದುದೂ ಅದೇ ತಾನೆ!

ವಿದ್ಯಾರ್ಥಿಗಳು ಈ ದಫ್ತರವನ್ನು ಮನೆಯಲ್ಲಿಯೇ ನೋಡಬಹುದು. ಆಡಳಿತಗಾರನ ಅಧಿಕಾರದಿಂದ ಆಜ್ಞೆಯ ಕಿಟಕಿಯನ್ನು ತೆರೆದು ಬಿಸಿಡಿಎಡಿಟ್ ಎಂದಷ್ಟೇ ಬೆರಳಚ್ಚಿಸಿ, ಏನನ್ನೂ ತಿದ್ದಬೇಡಿ. ‘ರಿಕವರಿಎನೇಬಲ್ಡ್’ ಎಂಬುದರ ಮುಂದೆ ಸಾಮಾನ್ಯವಾಗಿ ‘ಯೆಸ್’ ಎಂದಿರುತ್ತದೆ. ‘ನೋ’ ಎಂದಿದ್ದರೆ, ಅದನ್ನು ಬದಲಿಸಿದವರು ಯಾರೆಂದು ಮನೆಯವರನ್ನು ಮೊದಲು ಕೇಳಿ.