ನೆಲೆಯರಿತ ಕಾಣಿಕೆ

ಒಬ್ಬನ ಶ್ರಮದಿಂದ ಸಾಧ್ಯವಾಗದ ಕಾರ್ಯವು ಹಲವರ ಸಹಕಾರದಿಂದ ಸಾಧ್ಯವಾಗುವುದೆಂಬುದಕ್ಕೆ ಮುಕ್ತ ತಂತ್ರಾಂಶಗಳು ಉತ್ತಮ ನಿದರ್ಶನಗಳಾಗಿವೆ. ಗಣಕಯಂತ್ರಕ್ಕೆ ನೀಡುವ ಆದೇಶಗಳ ಬರಹವನ್ನು ಇಲ್ಲಿ ಯಾರು ಬೇಕಾದರೂ ಓದಬಹುದು. ದೋಷ ಕಂಡರೆ ತಿದ್ದಿ ಕಳುಹಿಸಬಹುದು. ಆದರೆ ಕೊಡುವ ಮನಸ್ಸೊಂದಿದ್ದರೆ ಸಾಲದು. ಕಾಣಿಕೆಯನ್ನು ಯಾವ ನೆಲೆಯ ಮೇಲೆ ನಿಲ್ಲಿಸಬೇಕೆಂಬ ವಿವೇಕವೂ ಬೇಕು.

ಗಿಟ್ ಎಂಬ ತಂತ್ರಾಂಶದ ನಿರ್ಮಾಣದಲ್ಲಿ ಈ ವಿವೇಕವನ್ನು ಸ್ಪಷ್ಟವಾಗಿ ಕಾಣಬಹುದು. ಬರಹದಲ್ಲಾಗುವ ಪ್ರತಿಯೊಂದು ಬದಲಾವಣೆಯ ಲೆಕ್ಕವನ್ನಿಡುವುದು ಗಿಟ್‌ನ ಕೆಲಸ. 2005ರ ಏಪ್ರಿಲ್ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಇದನ್ನು ರಚಿಸಿದರು. ಅದೇ ವರ್ಷದ ಜುಲೈನಲ್ಲಿ ಜೂನಿಯೊ ಹಮಾನೊ ಅವರು ಇದರ ಪಾಲನೆಯ ಹೊಣೆಯನ್ನು ವಹಿಸಿಕೊಂಡರು.

ಗಿಟ್‌ನ ಬರಹವು ನಾಲ್ಕು ಮುಖ್ಯ ಶಾಖೆಗಳಲ್ಲಿ ಬೆಳೆಯುತ್ತದೆ. ಬಿಡುಗಡೆಯಾಗಿ ಜನರ ಬಳಕೆಯಲ್ಲಿರುವ ಆವೃತ್ತಿಯ ದೋಷನಿವಾರಣೆಗೆ ಮೀಸಲಾದುದು 'ಮೇಂಟ್'. ಮುಂದಿನ ಬಿಡುಗಡೆಗೆ ಸಿದ್ಧವಾದುದನ್ನು ಒಳಗೊಂಡದ್ದು 'ಮಾಸ್ಟರ್'. ಪರೀಕ್ಷೆಗೆ ಒಳಪಟ್ಟಿರುವ ಕೆಲಸಗಳು 'ನೆಕ್ಸ್ಟ್'ನಲ್ಲಿರುತ್ತವೆ. ಇನ್ನೂ ಪಕ್ವವಾಗದ ಪ್ರಯತ್ನಗಳಿಗೆ 'ಸೀನ್' ಆಶ್ರಯ ನೀಡುತ್ತದೆ. ಮೇಂಟ್‌ನಲ್ಲಿರುವುದು ಮಾಸ್ಟರ್‌ನಲ್ಲಿಯೂ, ಮಾಸ್ಟರ್‌ನಲ್ಲಿರುವುದು ನೆಕ್ಸ್ಟ್‌ನಲ್ಲಿಯೂ ಸೇರಿರುವುದು ಇಲ್ಲಿಯ ಸಾಮಾನ್ಯ ಕ್ರಮ.

ಬಳಕೆಯಲ್ಲಿರುವ ಆವೃತ್ತಿಯಲ್ಲಿ ಒಂದು ದೋಷವಿದೆಯೆಂದು ಭಾವಿಸಬಹುದು. ಉತ್ಸಾಹಿಯಾದ ಒಬ್ಬ ತರುಣನು, ಹೊಸದೇ ಉತ್ತಮವೆಂದು ಬಗೆದು, ನೆಕ್ಸ್ಟ್ ಶಾಖೆಯ ಮೇಲೆ ತನ್ನ ತಿದ್ದುಪಡಿಯನ್ನು ರಚಿಸುತ್ತಾನೆ. ತಿದ್ದುಪಡಿ ಸರಿಯಾಗಿಯೇ ಇರುತ್ತದೆ. ಆದರೆ ಆ ಶಾಖೆಯನ್ನು ಮೇಂಟ್‌ಗೆ ಸೇರಿಸಹೊರಟರೆ, ಪರೀಕ್ಷೆ ಮುಗಿಯದ ಅನೇಕರ ಕೆಲಸಗಳೂ ಅದರ ಬೆನ್ನುಹತ್ತಿ ಬರುತ್ತವೆ. ಪಾಲಕರು ಅದನ್ನು ಬಿಡಿಸಿ ಬೇರೆಯಾಗಿ ಅಳವಡಿಸಬೇಕು, ಇಲ್ಲವೇ ಹಿಂದಿರುಗಿಸಬೇಕು. ಅಲ್ಲಿಯವರೆಗೆ ದೋಷದಿಂದ ತೊಂದರೆಗೊಳಗಾದವರು ಕಾಯುತ್ತಲೇ ಇರಬೇಕಾಗುತ್ತದೆ.

ಅದೇ ತಿದ್ದುಪಡಿಯು ಮೇಂಟ್‌ನಿಂದ ಕವಲೊಡೆದಿದ್ದರೆ, ಅದನ್ನು ಎಲ್ಲ ಶಾಖೆಗಳಿಗೂ ನಿರಾತಂಕವಾಗಿ ಸೇರಿಸಬಹುದು. ಮೇಲಿನ ಕಾಲುವೆಯ ನೀರು ಕೆಳಗಿನ ಗದ್ದೆಗಳಿಗೆಲ್ಲ ಹರಿದೀತು. ಕೆಳಗಿನ ನೀರನ್ನು ಮೇಲಕ್ಕೇರಿಸುವುದು ಪ್ರಯಾಸದ ಕೆಲಸ. ಆದುದರಿಂದಲೇ, ಬದಲಾವಣೆಯು ಅನ್ವಯಿಸುವ ಮುಖ್ಯ ಶಾಖೆಗಳಲ್ಲಿ ಅತ್ಯಂತ ಹಳೆಯದನ್ನು ನೆಲೆಯಾಗಿ ಆರಿಸಿಕೊಳ್ಳಬೇಕೆಂಬುದು ಗಿಟ್‌ನ ನಿಯಮ. ಹೊಸ ಸೌಲಭ್ಯವಾದರೆ ಸಾಮಾನ್ಯವಾಗಿ ಮಾಸ್ಟರ್ ಅದರ ನೆಲೆ. ಮಾಸ್ಟರ್‌ಗೆ ಇನ್ನೂ ಸೇರದ ಮತ್ತೊಬ್ಬರ ಕೆಲಸವನ್ನು ಅದು ಅವಲಂಬಿಸಿದ್ದರೆ, ಆ ಕೆಲಸದ ಶಾಖೆಯೊಂದನ್ನೇ ಮಾಸ್ಟರ್‌ನೊಡನೆ ಕೂಡಿಸಿಕೊಂಡು, ಆ ಸಂಗತಿಯನ್ನು ಪಾಲಕರಿಗೆ ತಿಳಿಸಬೇಕು. ನೆಕ್ಸ್ಟ್ ಮತ್ತು ಸೀನ್‌ಗಳ ಮೇಲೆ ಕಟ್ಟುವುದು ಸಲ್ಲದು. ಪ್ರಮುಖ ಬಿಡುಗಡೆಯ ಬಳಿಕ ನೆಕ್ಸ್ಟನ್ನು ಹೊಸದಾಗಿ ಕಟ್ಟುವುದುಂಟು. ಸೀನಂತೂ ಪದೇ ಪದೇ ಮರುರಚನೆಗೊಳ್ಳುತ್ತದೆ. ಅಲುಗುವ ನೆಲದ ಮೇಲೆ ಗೋಡೆ ನಿಲ್ಲಲಾರದು.

ಈ ನಿಯಮವು ಗಿಟ್‌ನದು. ಇತರ ಯೋಜನೆಗಳ ಪದ್ಧತಿ ಬೇರೆಯಿರಬಹುದು. ಆದುದರಿಂದ ಕೆಲಸಕ್ಕೆ ತೊಡಗುವ ಮುನ್ನ ಆಯಾ ಯೋಜನೆಯ ಮಾರ್ಗಸೂಚಿಯನ್ನು ಓದುವುದು ಅವಶ್ಯಕ. ಪಾಲಕರ ಹೊತ್ತೂ ತನ್ನ ಹೊತ್ತಿನಷ್ಟೇ ಅಮೂಲ್ಯವೆಂದು ತಿಳಿದವನು ನೆಲೆಯನ್ನು ವಿಚಾರಿಸಿಯೇ ಮುಂದಡಿಯಿಡುತ್ತಾನೆ. ಅಂಥವನ ನಾಲ್ಕು ಸಾಲಿನ ತಿದ್ದುಪಡಿಯೂ ಅಗತ್ಯವಿದ್ದವರ ಕೈಸೇರುತ್ತದೆ.